ಇಪಿಸಿ ಮಾಡಿಸೋ ಮುಂಚೆ ಮನೆ ಫೈಲ್ ತೆಗೆದಿಟ್ಕೊಳ್ಳಿ

ಇಂಗ್ಲೆಂಡಲ್ಲಿ ಮನೆ ಮಾರೋಕೆ ಹೊರಟ್ರೂ ಅಷ್ಟೇ, ಬಾಡಿಗೆಗೆ ಕೊಡೋಕೆ ಹೊರಟ್ರೂ ಅಷ್ಟೇ, ಏಜೆಂಟ್ ಶುರುವಲ್ಲೇ ಕೇಳೋದು "ಇಪಿಸಿ ಇದೆಯಾ?" ಅಂತ. ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್, ಅಂದ್ರೆ ಮನೆ ಬೆಚ್ಚಗಿಡೋಕೆ ಎನರ್ಜಿ ಎಷ್ಟು ಖರ್ಚಾಗುತ್ತೆ ಅಂತ ಅಳೆದು ಕೊಡೋ ಕಾಗದ. ಎ ಇಂದ ಜಿ ತನಕ ಹಸಿರಿಂದ ಕೆಂಪಿಗೆ ಇಳಿಯೋ ಬಣ್ಣದ ಪಟ್ಟಿ, ಪಕ್ಕದಲ್ಲಿ ಒಂದು ನಂಬರ್. ನಮ್ಮವರಲ್ಲಿ ಬಹಳ ಜನ ಇದನ್ನ ಪೂರ್ತಿ ಏಜೆಂಟ್ ಮೇಲೇ ಬಿಟ್ಟುಬಿಡ್ತಾರೆ, ಏಜೆಂಟ್ ಯಾರನ್ನೋ ಕಳಿಸ್ತಾರೆ, ಅವರು ಬಂದು ಅಳತೆ ತಗೊಂಡು ಹೋಗ್ತಾರೆ, ಆಮೇಲೆ ಇಮೇಲಲ್ಲಿ ಒಂದು ಲಿಂಕ್ ಬರುತ್ತೆ, ಅದನ್ನ ಯಾರೂ ತೆರೆದೂ ನೋಡಲ್ಲ. ಈ ಪೋಸ್ಟ್ ಬರೀತಿರೋದು ಅದಕ್ಕೇ. ಹಂಗೆ ಅಳತೆಗೆ ಬರೋ ಅಸೆಸರ್ ನಿಮ್ಮ ಮನೆಯೊಳಗೆ ಇರೋ ಆ ಒಂದು ಗಂಟೆ ಇದೆಯಲ್ಲ, ಅಷ್ಟರಲ್ಲಿ ಅವರ ಕಣ್ಣಿಗೆ ಏನು ಬೀಳುತ್ತೋ, ಕೈಗೆ ಯಾವ ಕಾಗದ ಸಿಗುತ್ತೋ, ಅದೇ ಮುಂದಿನ 10 ವರ್ಷ ನಿಮ್ಮ ಮನೆ ಬಗ್ಗೆ ದಾಖಲೆ ಆಗಿ ಕೂತ್ಕೊಳ್ಳುತ್ತೆ. ಕಾಣದೇ ಇರೋದು, ಕಾಗದ ಇಲ್ದೇ ಇರೋದು ಲೆಕ್ಕಕ್ಕೇ ಬರಲ್ಲ.

ನಮ್ಮನೆಯವರಿಗೆ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿ ಎಲ್ಲರೂ ಅಲ್ಲಿಗೇ ಹೋಗೋದು ಅಂತ ಆಯ್ತು, ರೆಡಿಂಗ್ ಮನೆ ಮಾರೋದು ಬೇಡ, ಬಾಡಿಗೆಗೆ ಕೊಡೋಣ ಅಂದ್ಕೊಂಡ್ವಿ. 1930ರ ದಶಕದ ಸೆಮಿ ಡಿಟ್ಯಾಚ್ಡ್ ಮನೆ, ಮೂರು ಬೆಡ್‌ರೂಮು, ಹಿಂದುಗಡೆ ಆಮೇಲೆ ಸೇರಿಸಿದ ಒಂದು ಚಿಕ್ಕ ಎಕ್ಸ್‌ಟೆನ್ಷನ್ನು. ತಗೊಂಡಾಗ ಇದ್ದ ಇಪಿಸಿ ಅವಧಿ ಮುಗಿದಿತ್ತು. ಹಳೇದನ್ನ ಹುಡುಕೋದೇನೂ ಕಷ್ಟ ಇಲ್ಲ, ಸರ್ಕಾರದ ವೆಬ್‌ಸೈಟಲ್ಲಿ ಪೋಸ್ಟ್‌ಕೋಡ್ ಹಾಕಿದ್ರೆ ಆ ಬೀದೀಲಿ ಸರ್ಟಿಫಿಕೇಟ್ ಇರೋ ಮನೆಗಳೆಲ್ಲಾ ಬರುತ್ತೆ, ದುಡ್ಡೂ ಇಲ್ಲ, ಲಾಗಿನ್ನೂ ಬೇಡ, ಯಾರು ಬೇಕಾದ್ರೂ ನೋಡ್ಬೋದು. ನಮ್ಮದು ಡಿ, 62 ಅಂತಿತ್ತು. ಗೋಡೆ ವಿಷಯಕ್ಕೆ ಬಂದ್ರೆ ಕ್ಯಾವಿಟಿ ವಾಲ್ (ಮಧ್ಯೆ ಖಾಲಿ ಜಾಗ ಇರೋ ಎರಡು ಪದರದ ಗೋಡೆ), ಇನ್ಸುಲೇಷನ್ (ಶಾಖ ಸೋರದಂಗೆ ತಡೆಯೋ ವಸ್ತು) ಇಲ್ಲ, ಬ್ರಾಕೆಟ್ಟಲ್ಲಿ "ಅಸ್ಯೂಮ್ಡ್". ಅಂದ್ರೆ ಯಾರೂ ನೋಡಿಲ್ಲ, ಅಷ್ಟು ಹಳೇ ಮನೆ ಅಂದ್ಮೇಲೆ ಹಿಂಗೇ ಇರುತ್ತೆ ಅಂತ ಸಾಫ್ಟ್‌ವೇರ್ ಅಂದ್ಕೊಂಡಿದ್ದು. ಪಕ್ಕದ ಮನೇದು ತೆಗೆದು ನೋಡಿದೆ, ಒಂದೇ ಗೋಡೆ ಹಂಚ್ಕೊಂಡಿರೋ ಮನೆ, ಅದೇ ಕಾಲದ್ದು, ಅದೇ ನಕ್ಷೆ, ಅವರದ್ದು ಸಿ, ಗೋಡೆ "ಫಿಲ್ಡ್ ಕ್ಯಾವಿಟಿ", ಅಂದ್ರೆ ಆ ಖಾಲಿ ಜಾಗದಲ್ಲಿ ಇನ್ಸುಲೇಷನ್ ತುಂಬಿದೆ ಅಂತ. ಇದು ಎಲ್ಲರೂ ಮಾಡ್ಬೇಕಾದ ಕೆಲಸ ನೋಡಿ, ಬುಕ್ ಮಾಡೋ ಮುಂಚೆ ನಿಮ್ಮ ಹಳೇದನ್ನೂ ಅಕ್ಕಪಕ್ಕದವರದ್ದನ್ನೂ ತೆಗೆದು ಸಾಲು ಸಾಲಾಗಿ ಹೋಲಿಸಿ ನೋಡಿ, ಎಲ್ಲಿ ಏನು ತಪ್ಪೋಗಿದೆ ಅಂತ ಅಲ್ಲೇ ಅರ್ಧ ಗೊತ್ತಾಗುತ್ತೆ.

ನಮ್ಮ ಗೋಡೇಲೂ ಇನ್ಸುಲೇಷನ್ ತುಂಬಿದ್ದಾರೆ ಅಂತ ನಂಗೆ ಗೊತ್ತಿತ್ತು, ಹಳೇ ಓನರ್ ಅಜ್ಜಿ ಬಿಟ್ಟುಹೋದ ಫೈಲಲ್ಲಿ ಸೀಗಾ ಗ್ಯಾರಂಟಿ ಇತ್ತು. ಸೀಗಾ ಅಂದ್ರೆ ಕ್ಯಾವಿಟಿ ಇನ್ಸುಲೇಷನ್‌ಗೆ 25 ವರ್ಷದ ಗ್ಯಾರಂಟಿ ಕೊಡೋ ಏಜೆನ್ಸಿ. ಆ ಕಾಗದ ಹಳೇ ಅಸೆಸರ್ ಕೈಗೆ ಯಾರೂ ಕೊಟ್ಟಿರ್ಲಿಲ್ಲ ಅನ್ಸುತ್ತೆ.

ಇಲ್ಲಿ ಇನ್ನೊಂದು ವಿಷಯ ಹೇಳ್ಲೇಬೇಕು. ಇಪಿಸಿ ನಿಮ್ಮ ಕರೆಂಟ್ ಬಿಲ್ಲು ಗ್ಯಾಸ್ ಬಿಲ್ಲು ನೋಡೋದೇ ಇಲ್ಲ. ನೀವು ಸ್ವೆಟರ್ ಹಾಕ್ಕೊಂಡು ಹೀಟಿಂಗ್ ಆಫ್ ಮಾಡ್ಕೊಂಡಿರ್ತೀರೋ, ಇಡೀ ದಿನ ಆನ್ ಇಟ್ಟಿರ್ತೀರೋ, ಮನೇಲಿ ಇಬ್ಬರಿದ್ದೀರೋ ಏಳು ಜನ ಇದ್ದೀರೋ, ಅದ್ಯಾವುದೂ ಲೆಕ್ಕಕ್ಕಿಲ್ಲ. ಎಲ್ಲಾ ಮನೆಗೂ ಒಂದೇ ಥರದ ಬಳಕೆ ಇಟ್ಕೊಂಡು, ಮನೆಯ ಅಳತೆಗೆ ಇಷ್ಟು ಜನ, ಲಿವಿಂಗ್ ರೂಮ್ 21 ಡಿಗ್ರಿ, ದಿನಕ್ಕೆ ಇಷ್ಟು ಹೊತ್ತು ಹೀಟಿಂಗ್ ಅಂತ ಫಿಕ್ಸ್ ಮಾಡ್ಕೊಂಡು, ಹಂಗೆ ಬದುಕಿದ್ರೆ ಈ ಮನೇಲಿ ಎಷ್ಟು ಖರ್ಚು ಬರುತ್ತೆ ಅಂತ ತೆಗೀತಾರೆ. ಫ್ರಿಜ್ಜು, ವಾಷಿಂಗ್ ಮಷಿನ್ನು ಎಷ್ಟೇ ಒಳ್ಳೇದಿದ್ರೂ ಪಾಯಿಂಟ್ ಇಲ್ಲ. ನಂಗೆ ಇದು ನ್ಯಾಯ ಅಂತಾನೇ ಅನ್ಸುತ್ತೆ, ಯಾಕಂದ್ರೆ ಮುಂದೆ ಬರೋ ಬಾಡಿಗೆಯವರು ನನ್ನ ಥರ ಬದುಕಲ್ಲ, ಅವರಿಗೆ ಬೇಕಾಗಿರೋದು ಮನೆ ಎಂಥದ್ದು ಅನ್ನೋದು.

ಆ ನಂಬರಿಗೆ ಸ್ಯಾಪ್ ಸ್ಕೋರ್ ಅಂತಾರೆ. 92ರಿಂದ ಮೇಲೆ ಎ, 81ರಿಂದ ಬಿ, 69ರಿಂದ ಸಿ, 55ರಿಂದ ಡಿ, 39ರಿಂದ ಇ, 21ರಿಂದ ಎಫ್, ಅದಕ್ಕಿಂತ ಕೆಳಗೆ ಜಿ. ಬಹಳ ಜನಕ್ಕೆ ಗೊತ್ತಿಲ್ಲದೇ ಇರೋದು ಏನಂದ್ರೆ ಈ ನಂಬರು ಮುಖ್ಯವಾಗಿ ದುಡ್ಡಿನ ಲೆಕ್ಕ, ಚದರ ಮೀಟರಿಗೆ ಎನರ್ಜಿ ಖರ್ಚು ಎಷ್ಟು ಅನ್ನೋದು, ಹೊಗೆ ಎಷ್ಟು ಬಿಡುತ್ತೆ ಅನ್ನೋದಲ್ಲ, ಕಾರ್ಬನ್ ಲೆಕ್ಕ ಬೇರೇನೇ ಇದೆ. ಹಂಗಾಗಿ ಹೊಸ ಎಲೆಕ್ಟ್ರಿಕ್ ಪ್ಯಾನೆಲ್ ಹೀಟರ್ ಹಾಕಿಸಿದ್ರೆ ನೋಡೋಕೆ ಕ್ಲೀನಾಗಿರುತ್ತೆ, ಆದ್ರೆ ಯೂನಿಟ್‌ಗೆ ಕರೆಂಟು ಗ್ಯಾಸಿಗಿಂತ ಎಷ್ಟೋ ಪಟ್ಟು ದುಬಾರಿ ಆಗಿರೋದ್ರಿಂದ ಸ್ಕೋರ್ ಬಿದ್ದೋಗುತ್ತೆ. ಗ್ಯಾಸ್ ಕನೆಕ್ಷನ್ ಇಲ್ದಿರೋ ಫ್ಲಾಟ್ ಬಾಡಿಗೆಗೆ ಕೊಡೋಕೆ ತಗೊಳ್ತಿದ್ರೆ ಇದನ್ನ ಮೊದಲೇ ತಲೇಲಿಟ್ಕೊಳ್ಳಿ, ರಾತ್ರಿ ಕಡಿಮೆ ರೇಟಿನ ಕರೆಂಟಲ್ಲಿ ಚಾರ್ಜ್ ಆಗೋ ಸ್ಟೋರೇಜ್ ಹೀಟರ್ ಇದ್ರೆ ಸ್ಕೋರ್ ಪರವಾಗಿಲ್ಲ, ಬರೀ ಪ್ಯಾನೆಲ್ ಹೀಟರ್ ಅಂದ್ರೆ ಕಷ್ಟ.

ಕಾನೂನಿನ ಕಡೆ ಚುಟುಕಾಗಿ ಹೇಳ್ತೀನಿ. 2002ರ ಯುರೋಪಿಯನ್ ಯೂನಿಯನ್ ಡೈರೆಕ್ಟಿವ್‌ನಿಂದ ಬಂದಿದ್ದು ಇದು, ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ 2007ರ ಆಗಸ್ಟಲ್ಲಿ ಮಾರೋ ಮನೆಗಳಿಗೆ ಹೋಮ್ ಇನ್ಫರ್ಮೇಷನ್ ಪ್ಯಾಕ್ (ಮಾರೋರು ಕೊಡ್ಬೇಕಿದ್ದ ದಾಖಲೆಗಳ ಕಟ್ಟು) ಜೊತೆ ಶುರುವಾಯ್ತು, 2008ರ ಅಕ್ಟೋಬರಿಂದ ಬಾಡಿಗೆ ಮನೆಗೂ ಬಂತು. ಆ ಪ್ಯಾಕ್ 2010ರಲ್ಲಿ ಹೋಯ್ತು, ಇಪಿಸಿ ಉಳ್ಕೊಳ್ತು, ಬ್ರೆಕ್ಸಿಟ್ ಆದ್ಮೇಲೂ ಉಳ್ಕೊಂಡಿದೆ. ಮಾರೋರಿಗೆ ಇಂಥದ್ದೇ ರೇಟಿಂಗ್ ಇರ್ಬೇಕು ಅಂತೇನಿಲ್ಲ, ಜಿ ಇದ್ರೂ ಮಾರ್ಬೋದು, ಸರ್ಟಿಫಿಕೇಟ್ ಇರ್ಬೇಕು ಅಷ್ಟೇ. ಬಾಡಿಗೆಗೆ ಹಂಗಲ್ಲ. 2018ರ ಏಪ್ರಿಲ್ 1ರಿಂದ ಹೊಸ ಬಾಡಿಗೆಗೆ, 2020ರ ಏಪ್ರಿಲ್ 1ರಿಂದ ಇರೋ ಬಾಡಿಗೆಗೂ ಕನಿಷ್ಠ ಇ ಇರ್ಬೇಕು. ಎಫ್ ಅಥವಾ ಜಿ ಬಂದ್ರೆ 3,500 ಪೌಂಡ್ ತನಕ ಖರ್ಚು ಮಾಡಿ ಸರಿ ಮಾಡ್ಬೇಕು, ವ್ಯಾಟ್ ಸೇರಿ, ಅಷ್ಟಾದ್ರೂ ಆಗ್ಲಿಲ್ಲ ಅಂದ್ರೆ ವಿನಾಯಿತಿಗೆ ರಿಜಿಸ್ಟರ್ ಮಾಡ್ಕೋಬೇಕು, ಅದು ಸಾಮಾನ್ಯವಾಗಿ 5 ವರ್ಷಕ್ಕೆ. ಸುಮ್ನೆ ಕೊಟ್ಟುಬಿಟ್ರೆ ಒಂದು ಮನೆಗೆ 5,000 ಪೌಂಡ್ ತನಕ ದಂಡ ಬೀಳ್ಬೋದು. ಇದನ್ನ 2030ರ ಹೊತ್ತಿಗೆ ಸಿ ಮಟ್ಟಕ್ಕೆ ಏರಿಸ್ಬೇಕು ಅಂತ ಸರ್ಕಾರ 2024ರ ಡಿಸೆಂಬರಲ್ಲಿ ಪ್ರಸ್ತಾವ ಇಟ್ಟು ಜನರ ಅಭಿಪ್ರಾಯ ಕೇಳ್ತು, ಹಂಗಾಗಿ ಈಗ ಡಿ ಇದೆ ಸಾಕು ಅಂತ ಕೂರೋ ಲ್ಯಾಂಡ್‌ಲಾರ್ಡ್‌ಗಳು ಸ್ವಲ್ಪ ಮುಂದೆ ನೋಡೋದು ಒಳ್ಳೇದು. ಸ್ಕಾಟ್ಲೆಂಡಲ್ಲಿ ಮನೆ ಮಾರೋರಿಗೆ ಹೋಮ್ ರಿಪೋರ್ಟ್ ಅಂತ ಬೇರೆ ವ್ಯವಸ್ಥೆ, ಇಪಿಸಿ ಅದರ ಜೊತೇಲೇ ಬರುತ್ತೆ, ನಾನು ಹೇಳ್ತಿರೋದು ಇಂಗ್ಲೆಂಡಿನ ಕಥೆ.

ಇನ್ನು ಬುಕಿಂಗ್. ಡೊಮೆಸ್ಟಿಕ್ ಎನರ್ಜಿ ಅಸೆಸರ್ ಅಂತ ಅಕ್ರೆಡಿಟೇಷನ್ ಇರೋರೇ ಮಾಡ್ಬೇಕು, ಅವರ ಪಟ್ಟೀನೂ ಅದೇ ಸರ್ಕಾರಿ ವೆಬ್‌ಸೈಟಲ್ಲಿದೆ. ಏಜೆಂಟ್ ಮೂಲಕ ಹೋದ್ರೆ ಅವರ ಕಮಿಷನ್ನೂ ಸೇರ್ಕೊಳ್ಳೋದು ಇದ್ದೇ ಇರುತ್ತೆ, ನೇರವಾಗಿ ಬುಕ್ ಮಾಡಿದ್ರೆ ಕಡಿಮೆ ಆಗ್ಬೋದು. ಆದ್ರೆ ನಾನು ನೇರವಾಗಿ ಮಾಡಿಸಿದ್ದು ದುಡ್ಡಿಗಲ್ಲ, ಫೋನಲ್ಲಿ ಮಾತಾಡ್ಬೋದು ಅಂತ. "ನನ್ನ ಹತ್ರ ಇಂತಿಂಥ ಕಾಗದ ಇದೆ, ನೋಡ್ತೀರಾ? ಲಾಫ್ಟ್ ಹತ್ತುತೀರಾ?" ಅಂತ ಕೇಳಿದೆ. ಲಾಫ್ಟ್ ಅಂದ್ರೆ ಛಾವಣಿ ಕೆಳಗಿನ ಅಟ್ಟ. ಆ ಮನುಷ್ಯ "ಕಾಗದ ಎಲ್ಲಾ ಟೇಬಲ್ ಮೇಲೆ ಇಟ್ಟಿರಿ, ಲಾಫ್ಟ್ ನೋಡ್ದೆ ನಾನು ಹೋಗಲ್ಲ" ಅಂದ್ರು. ಅಷ್ಟು ಕೇಳಿದ್ಮೇಲೆ ಬುಕ್ ಮಾಡಿದೆ. ಇದೇ ಪ್ರಶ್ನೆಗೆ ತೊದಲೋರು ಸಿಕ್ಕಿದ್ರೆ ಬೇರೆಯವರನ್ನ ನೋಡಿ, 20 ಪೌಂಡ್ ಕಡಿಮೆ ಅಂತ ಹೋಗ್ಬೇಡಿ.

ಡಾಕ್ಟರ್ ಹತ್ರ ಹೋಗುವಾಗ ಹಳೇ ರಿಪೋರ್ಟ್‌ಗಳನ್ನೆಲ್ಲಾ ಜೋಡಿಸ್ಕೊಂಡು ಹೋಗ್ತೀವಲ್ಲ, ಇಲ್ಲೂ ಅದೇ ಕೆಲಸ. ಬರೋ ಹಿಂದಿನ ರಾತ್ರಿ ಇಡೀ ಫೈಲ್ ಡೈನಿಂಗ್ ಟೇಬಲ್ ಮೇಲೆ ಹರಡಿದೆ. ನಮ್ಮನೆಯವರು ಬಂದು "ಏನೇ ಇದು, ಅಳತೆ ತಗೊಳ್ಳೋಕೆ ಬರೋರಿಗೆ ಇಷ್ಟೆಲ್ಲಾ ಯಾಕೆ?" ಅಂದ್ರು. "ರೀ, ಅವರು ಗೋಡೆ ಒಡೆದು ನೋಡಲ್ಲ, ಕಾಗದ ಇಲ್ಲ ಅಂದ್ರೆ ಇಲ್ಲ ಅಂತಾನೇ ಬರ್ಕೊಳ್ತಾರೆ" ಅಂದೆ. ಹೌದು, ಗೋಡೆ ಕೊರೆಯೋದು, ನೆಲದ ಹಲಗೆ ಕೀಳೋದು ಇದ್ಯಾವುದೂ ಅವರು ಮಾಡಲ್ಲ, ಮಾಡ್ಬಾರ್ದು. ಟೇಬಲ್ ಮೇಲೆ ಇದ್ದಿದ್ದು ಸೀಗಾ ಗ್ಯಾರಂಟಿ, ಕಿಟಕಿ ಬದಲಾಯಿಸಿದಾಗ ಬಂದ ಫೆನ್ಸಾ ಸರ್ಟಿಫಿಕೇಟು, ಎಕ್ಸ್‌ಟೆನ್ಷನ್ ಕಟ್ಟಿದಾಗ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ ಕೊಟ್ಟ ಕಂಪ್ಲೀಷನ್ ಸರ್ಟಿಫಿಕೇಟು, ಬಾಯ್ಲರ್ ಹಾಕಿದ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಕ್ಕೆ ನೋಂದಣಿ ಇರೋ) ಎಂಜಿನಿಯರ್ ಕೊಟ್ಟ ಪೇಪರ್ರು, ಲಾಫ್ಟ್ ಕೆಲಸದ ಇನ್‌ವಾಯ್ಸು. ಕಾಗದದ ಮೇಲೆ ಮನೆ ಅಡ್ರೆಸ್ ಇರ್ಬೇಕು, ಏನು ಕೆಲಸ ಅಂತ ಬಿಡಿಸಿ ಬರೆದಿರ್ಬೇಕು, ಸುಮ್ನೆ "ಇನ್ಸುಲೇಷನ್ ವರ್ಕ್" ಅಂತ ಒಂದು ಸಾಲಿನ ರಸೀದಿ ತೋರ್ಸಿದ್ರೆ ಒಪ್ಪೋದು ಕಷ್ಟ, ಯಾಕಂದ್ರೆ ಅವರ ಕೆಲಸವನ್ನ ಅವರಿಗೆ ಅಕ್ರೆಡಿಟೇಷನ್ ಕೊಟ್ಟ ಸ್ಕೀಮ್‌ನೋರು ಆಡಿಟ್ ಮಾಡ್ತಾರೆ, ಪ್ರತಿಯೊಂದಕ್ಕೂ ಫೋಟೋ ಸಾಕ್ಷಿ ಬೇಕು.

ಅಸೆಸರ್ ಬಂದು ಮೊದಲು ಮನೆಯೊಳಗೆ ಬರ್ಲಿಲ್ಲ, ಹೊರಗೇ ನಿಂತು ಇಟ್ಟಿಗೆ ನೋಡಿದ್ರು. ಇಟ್ಟಿಗೆಯ ಉದ್ದನೇ ಮೈ ಮಾತ್ರ ಕಾಣ್ತಿದ್ರೆ ಸಾಮಾನ್ಯವಾಗಿ ಕ್ಯಾವಿಟಿ, ಅಂದ್ರೆ ಎರಡು ಪದರದ ಗೋಡೆ ಮಧ್ಯೆ ಖಾಲಿ ಜಾಗ, ಉದ್ದ ಮತ್ತೆ ಗಿಡ್ಡ ಮೈ ಎರಡೂ ಬದಲಿಸ್ಕೊಂಡು ಬರ್ತಿದ್ರೆ ಗಟ್ಟಿ ಇಟ್ಟಿಗೆ ಗೋಡೆ. ಆಮೇಲೆ ಕಿಟಕಿ ಹತ್ರ ಗೋಡೆ ದಪ್ಪ ಅಳೆದ್ರು. ನಂತರ ಪಕ್ಕದ ಗೋಡೆ ಉದ್ದಕ್ಕೂ ಬೆರಳಾಡಿಸ್ಕೊಂಡು ಹೋಗಿ ಒಂದು ಕಡೆ ನಿಂತು ನನ್ನ ಕರೆದು ತೋರ್ಸಿದ್ರು, ಇಟ್ಟಿಗೆ ಸಂದಿನ ಗಾರೆಯಲ್ಲಿ ದುಂಡಗೆ ಒಂದು ಕಲೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಸುತ್ತಲಿನ ಗಾರೆಗಿಂತ ಒಂಚೂರು ಬಿಳಿ. ಆ ಕಡೆ ಇನ್ನೊಂದು, ಅದರಾಚೆ ಇನ್ನೊಂದು, ಮೇಲಿನ ಸಾಲಲ್ಲೂ ಅದೇ ಥರ. ಇನ್ಸುಲೇಷನ್ ಊದಿ ತುಂಬೋಕೆ ಕೊರೆದ ತೂತುಗಳನ್ನ ಆಮೇಲೆ ಮುಚ್ಚಿರೋ ಗುರುತು. ಇಷ್ಟು ವರ್ಷ ಅದೇ ಗೋಡೆ ಪಕ್ಕ ಬಿನ್ ತಳ್ಕೊಂಡು ಓಡಾಡಿದ್ದೀನಿ, ಕಣ್ಣಿಗೆ ಬಿದ್ದಿರ್ಲಿಲ್ಲ. ಫೋಟೋ ತಗೊಂಡ್ರು, ಸೀಗಾ ಕಾಗದದ್ದೂ ಒಂದು ತಗೊಂಡ್ರು, ಅಲ್ಲಿಗೆ ಗೋಡೆ ವಿಷಯ ಮುಗೀತು.

ಒಳಗೆ ಬಂದ್ಮೇಲೆ ಲೇಸರ್ ಮೀಟರ್ ಹಿಡ್ಕೊಂಡು ಪ್ರತಿ ಫ್ಲೋರು, ಸೀಲಿಂಗ್ ಎತ್ತರ, ಎಕ್ಸ್‌ಟೆನ್ಷನ್ ಬೇರೆಯಾಗಿ, ಯಾಕಂದ್ರೆ ಅದು ಕಟ್ಟಿದ ಕಾಲ ಬೇರೆ, ಆ ಕಾಲದ ಬಿಲ್ಡಿಂಗ್ ರೆಗ್ಯುಲೇಷನ್ ಬೇರೆ. 2025ರ ಜೂನಿಂದ ಸ್ಕೋರ್ ಲೆಕ್ಕ ಹಾಕೋಕೆ ಆರ್‌ಡಿಸ್ಯಾಪ್ 10 ಅಂತ ಹೊಸ ಪದ್ಧತಿ ಬಂದಿದೆ, ಮುಂಚೆ ಕಿಟಕಿ ಎಲ್ಲಾ "ಸಾಧಾರಣ" ಅಂತ ಒಂದೇ ಏಟಿಗೆ ಬರ್ಕೊಳ್ತಿದ್ರು, ಈಗ ಒಂದೊಂದು ಕಿಟಕೀನೂ ಅಳೀಬೇಕು, ಹಾಗಾಗಿ ಹೊತ್ತು ಜಾಸ್ತಿ ಹಿಡಿಯುತ್ತೆ. ಎರಡು ಗಾಜಿನ ಮಧ್ಯೆ ಅಂಚಲ್ಲಿ ಒಂದು ಲೋಹದ ಪಟ್ಟಿ ಇರುತ್ತಲ್ಲ, ಅದರ ಮೇಲೆ ಎಷ್ಟೋ ಸಲ ತಯಾರಾದ ವರ್ಷ ಸಣ್ಣಗೆ ಅಚ್ಚಾಗಿರುತ್ತೆ, ಟಾರ್ಚ್ ಬಿಟ್ಟು ಅದನ್ನೂ ಓದಿದ್ರು. ಬಾಯ್ಲರ್ ಕೆಳಗಿನ ಮುಚ್ಚಳ ತೆಗೆದು ಮಾಡೆಲ್ ನಂಬರ್ ಬರ್ಕೊಂಡ್ರು, ಆ ನಂಬರಿಗೆ ಡೇಟಾಬೇಸಲ್ಲಿ ಎಷ್ಟು ಎಫಿಷಿಯೆನ್ಸಿ ಅಂತ ಇರುತ್ತೆ, ಮಾಡೆಲ್ ಗೊತ್ತಾಗ್ಲಿಲ್ಲ ಅಂದ್ರೆ ಆ ಕಾಲದ ಮಾಮೂಲಿ ಬಾಯ್ಲರ್ ಅಂತ ಕಡಿಮೆ ನಂಬರ್ ಹಾಕ್ತಾರೆ. ರೇಡಿಯೇಟರ್‌ಗಳಿಗೆ ತಿರುಗಿಸೋ ಥರ್ಮೋಸ್ಟಾಟ್ ವಾಲ್ವ್ ಇದೆಯಾ, ಗೋಡೆ ಮೇಲೆ ರೂಮ್ ಥರ್ಮೋಸ್ಟಾಟ್ ಇದೆಯಾ, ಟೈಮರ್ ಇದೆಯಾ ಅಂತ ನೋಡ್ತಾರೆ. ಬಲ್ಬ್ ಎಣಿಸ್ತಾರೆ, ಸೀಲಿಂಗ್‌ಗೋ ಗೋಡೆಗೋ ಫಿಕ್ಸ್ ಆಗಿರೋದು ಮಾತ್ರ, ಪ್ಲಗ್ ಹಾಕೋ ಟೇಬಲ್ ಲ್ಯಾಂಪ್ ಲೆಕ್ಕ ಇಲ್ಲ.

ಲಾಫ್ಟ್ ಬಗ್ಗೆ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆಯವರು ಜಾಸ್ತಿ ಪಾಯಿಂಟ್ ಕಳ್ಕೊಳ್ಳೋದು ಇಲ್ಲೇ ಅಂತ ನಂಗನ್ಸುತ್ತೆ. ಹಳೇ ಸೂಟ್‌ಕೇಸು, ಗೊಂಬೆ ಹಬ್ಬದ ಮೆಟ್ಟಿಲು, ಮಕ್ಕಳ ತೊಟ್ಟಿಲು ಎಲ್ಲಾ ಅಲ್ಲೇ ತುಂಬಿರ್ತೀವಿ. ಅದಕ್ಕೋಸ್ಕರ ಹಲಗೆ ಹಾಸಿರ್ತೀವಿ. ಅಸೆಸರ್ ಟೇಪ್ ಇಳಿಸಿ ಇನ್ಸುಲೇಷನ್ ಎಷ್ಟು ದಪ್ಪ ಅಂತ ಅಳೀಬೇಕು, ಪೂರ್ತಿ ಹಲಗೆ ಮೊಳೆ ಹೊಡೆದಿದ್ರೆ ಅಳೆಯೋದು ಎಲ್ಲಿಂದ? ಕಾಗದಾನೂ ಇಲ್ಲ ಅಂದ್ರೆ ಮನೆ ಕಟ್ಟಿದ ಕಾಲ ನೋಡಿ ಕಡಿಮೆ ಅಂದಾಜು ಹಾಕ್ತಾರೆ. ಹ್ಯಾಚ್, ಅಂದ್ರೆ ಲಾಫ್ಟ್ ಹತ್ತೋ ಕಿಂಡಿ, ಅದರ ಕೆಳಗೆ ವಾರ್ಡ್‌ರೋಬ್ ಇಟ್ಟು ಹತ್ತೋಕೇ ಆಗದಂಗೆ ಮಾಡಿದ್ರೆ ಇನ್ನೂ ಮುಗೀತು. ನಾವು ಸಾಮಾನು ಒಂದು ಪಕ್ಕಕ್ಕೆ ಸರಿಸಿ, ಎರಡು ಹಲಗೆ ಎತ್ತಿಟ್ಟು, ಏಣಿ ಹಾಕಿಟ್ಟಿದ್ವಿ. ಹಳದಿ ಉಣ್ಣೆ ಥರದ ರೋಲು, ಅಡ್ಡ ಒಂದು ಪದರ, ಅದರ ಮೇಲೆ ಉದ್ದಕ್ಕೆ ಇನ್ನೊಂದು. ಟೇಪ್ 270 ಮಿಲಿಮೀಟರ್ ತೋರ್ಸ್ತು, ಈಗ ಶಿಫಾರಸು ಮಾಡೋದೂ ಅಷ್ಟೇ. ಟೇಪ್ ಪಕ್ಕದಲ್ಲಿಟ್ಟು ಫೋಟೋ ತಗೊಂಡ್ರು.

ಬರೋ ಮುಂಚೆ ಏನು ಸರಿ ಮಾಡ್ಸೋದು ಅಂತ ಕೇಳೋರಿಗೆ, ಕೈಗೆ ಎಟುಕೋದು ಮೊದಲು ಮಾಡಿ. ಉಳಿದಿರೋ ಹಳೇ ಹ್ಯಾಲೋಜನ್ ಬಲ್ಬ್‌ಗಳನ್ನ ಎಲ್‌ಇಡಿಗೆ ಬದಲಾಯಿಸಿ. ಬಿಸಿನೀರಿನ ಸಿಲಿಂಡರ್ ಇರೋ ಮನೆ ಆದ್ರೆ ಅದಕ್ಕೆ 80 ಮಿಲಿಮೀಟರ್ ಜಾಕೆಟ್ ಹೊದಿಸಿ, ಇದಕ್ಕೆ ಆಗೋ ಖರ್ಚಿಗೆ ಸಿಗೋ ಲಾಭ ತುಂಬಾ ಜಾಸ್ತಿ. ಲಾಫ್ಟಲ್ಲಿ 100 ಮಿಲಿಮೀಟರ್ ಇದ್ರೆ ಮೇಲೊಂದು ಪದರ ಹಾಕ್ಸಿ. ಇನ್ಸುಲೇಷನ್ ಥರದ ಕೆಲಸ ಹಾಕ್ಸೋಕೆ 2027ರ ಮಾರ್ಚ್ 31ರ ತನಕ ವ್ಯಾಟ್ ಸೊನ್ನೆ ಇದೆ, ಕೊಟೇಷನ್ನಲ್ಲಿ 20 ಪರ್ಸೆಂಟ್ ಸೇರ್ಸಿದ್ರೆ ಕೇಳಿ. ಬಳಸದೇ ಇರೋ ಹಳೇ ಗ್ಯಾಸ್ ಫೈರ್ ಗೋಡೆಗೆ ಫಿಕ್ಸ್ ಆಗಿ ಕೂತಿದ್ರೆ ಅದನ್ನ ಎರಡನೇ ಹೀಟಿಂಗ್ ಅಂತ ಲೆಕ್ಕ ಹಾಕಿ ಸ್ಕೋರ್ ಇಳಿಸ್ತಾರೆ, ಬೇಡ ಅಂದ್ರೆ ಗ್ಯಾಸ್ ಸೇಫ್ ಎಂಜಿನಿಯರ್ ಕರೆಸಿ ಸರಿಯಾಗಿ ತೆಗೆಸಿಬಿಡಿ. ಕನ್ಸರ್ವೇಟರಿ ಮತ್ತೆ ಮನೆ ಮಧ್ಯೆ ಇದ್ದ ಬಾಗಿಲು ಕಿತ್ತು ದೊಡ್ಡ ಹಾಲ್ ಮಾಡ್ಕೊಂಡಿರೋರು ಇದ್ದಾರೆ, ಆಗ ಆ ಗಾಜಿನ ರೂಮ್ ಕೂಡ ಮನೆಯ ಭಾಗ ಅಂತಾನೇ ಲೆಕ್ಕಕ್ಕೆ ಬಂದು ಶಾಖ ಎಲ್ಲಾ ಅಲ್ಲಿಂದ ಸೋರುತ್ತೆ ಅಂತ ತೋರ್ಸುತ್ತೆ, ನಿಜವಾಗ್ಲೂ ಸೋರುತ್ತೆ ಕೂಡ. ಒಂದು ಎಚ್ಚರಿಕೆ, ಸಂದುಗೊಂದು ಎಲ್ಲಾ ಮುಚ್ಚುವಾಗ ಗಾಳಿ ಆಡೋ ದಾರಿ ಮುಚ್ಬೇಡಿ. ಕಿಟಕಿ ಮೇಲಿನ ಸಣ್ಣ ವೆಂಟು, ಬಾತ್‌ರೂಮಿನ ಎಕ್ಸ್‌ಟ್ರಾಕ್ಟರ್ ಫ್ಯಾನು ಇದ್ಯಾವುದೂ ಕೆಲಸ ಮಾಡ್ತಿಲ್ಲ ಅಂದ್ರೆ ಮನೆ ಬೆಚ್ಚಗಿದ್ರೂ ಗೋಡೆ ಮೂಲೇಲಿ ಕಪ್ಪು ಬೂಷ್ಟು ಬರುತ್ತೆ, ಚಿಕ್ಕ ಮಕ್ಕಳಿರೋ ಬಾಡಿಗೆಯವರಿಗೆ ಅದು ದೊಡ್ಡ ತೊಂದರೆ.

ನಮ್ಮ ಹೊಸ ಸರ್ಟಿಫಿಕೇಟು ಸಿ, 71. ಮನೆ ಅದೇ, ಗೋಡೆ ಅದೇ. ಈ ಮಧ್ಯೆ ನಾವು ಲಾಫ್ಟಿಗೆ ಮೇಲಿನ ಪದರ ಹಾಕ್ಸಿದ್ದು, ಬಲ್ಬ್ ಬದಲಾಯಿಸಿದ್ದು ನಿಜ, ಲೆಕ್ಕದ ಪದ್ಧತೀನೂ ಹೊಸದು, ಆದ್ರೆ ನಂಬರ್ ಜಾಸ್ತಿ ಏರಿದ್ದು ಆ ಗೋಡೆ ಸಾಲು ಬದಲಾಗಿದ್ದಕ್ಕೆ ಅಂತ ಅಸೆಸರ್ರೇ ಹೇಳಿದ್ರು.

ನನ್ನ ತಂಗಿಯಂಥ ಫ್ರೆಂಡ್ ಒಬ್ಬಳು ಇದ್ದಾಳೆ, ಅವಳ ಕೇಸು ಇನ್ನೂ ಗಂಭೀರ. ಹಳೇ ಬಿಲ್ಡಿಂಗಿನ ಮೇಲಿನ ಫ್ಲೋರಲ್ಲಿ ಒಂದು ಬೆಡ್‌ರೂಮಿನ ಫ್ಲಾಟು, ಎಲೆಕ್ಟ್ರಿಕ್ ಹೀಟಿಂಗು. ಏಜೆಂಟ್ ಕಳಿಸಿದ ಅಸೆಸರ್ ಕಾಫಿ ಕುಡಿಯೋಷ್ಟು ಹೊತ್ತಲ್ಲಿ ಮುಗಿಸ್ಕೊಂಡು ಹೋದ, ಲಾಫ್ಟ್ ಹ್ಯಾಚಿಗೆ ಬೀಗ ಇತ್ತು ಅಂತ ನೋಡ್ಲೇ ಇಲ್ಲ, ಬೀಗದ ಕೈ ಯಾರ ಹತ್ರ ಇದೆ ಅಂತಾನೂ ಕೇಳ್ಲಿಲ್ಲ. ಬಂದಿದ್ದು ಎಫ್, 36. ಎಫ್ ಅಂದ್ರೆ ಬಾಡಿಗೆಗೆ ಕೊಡೋ ಹಂಗೇ ಇಲ್ಲ. ಅವಳು ಅಳ್ತಾ ಫೋನ್ ಮಾಡಿದ್ಲು, "ಅಕ್ಕಾ, ಮಾರ್ಟ್‌ಗೇಜ್ ಕಟ್ಟೋದು ಹೆಂಗೆ, ಏಜೆಂಟ್ ಹೊಸ ಹೀಟರ್ ಎಲ್ಲಾ ಹಾಕ್ಸಿ ಅಂತಿದ್ದಾನೆ." ನಾನು ಮೊದಲು ಸರ್ಟಿಫಿಕೇಟ್ ಲಿಂಕ್ ಕಳಿಸು ಅಂದೆ. ರೂಫ್ ಸಾಲಲ್ಲಿ ಇನ್ಸುಲೇಷನ್ ಇಲ್ಲ, ಅಸ್ಯೂಮ್ಡ್. ಬಿಲ್ಡಿಂಗ್ ನೋಡ್ಕೊಳ್ಳೋ ಮ್ಯಾನೇಜಿಂಗ್ ಏಜೆಂಟ್‌ಗೆ ಇಮೇಲ್ ಮಾಡಿಸಿದ್ವಿ, ಅವರ ಹತ್ರ ಇಡೀ ಲಾಫ್ಟಿಗೆ ಇನ್ಸುಲೇಷನ್ ಹಾಕ್ಸಿದ ಇನ್‌ವಾಯ್ಸ್ ಇತ್ತು, ದಪ್ಪ ಸಮೇತ ಬರೆದಿತ್ತು. ಸರ್ಟಿಫಿಕೇಟ್ ಮೇಲೇ ಅಸೆಸರ್ ಹೆಸರು, ಫೋನು, ಅವರು ಯಾವ ಅಕ್ರೆಡಿಟೇಷನ್ ಸ್ಕೀಮಿಗೆ ಸೇರಿದ್ದಾರೆ ಅನ್ನೋದು ಎಲ್ಲಾ ಇರುತ್ತೆ. ಮೊದಲು ಅಸೆಸರ್‌ಗೇ ಬರೀಬೇಕು, ಅವರು ಸರಿ ಮಾಡ್ಲಿಲ್ಲ ಅಂದ್ರೆ ಸ್ಕೀಮಿಗೆ ದೂರು. ಅವಳು ಬರೆದ ಮೇಲೆ ಅವನೇ ಮತ್ತೆ ಬಂದು, ಬೀಗ ತೆಗೆಸಿ, ಅಳೆದು, ಬೇರೆ ಸರ್ಟಿಫಿಕೇಟ್ ಹಾಕಿದ. ಇ, 44. ಹೀಟರ್‌ಗಳಿಗೆ ಅಂತ ಸಾಲ ಮಾಡೋಕೆ ಹೊರಟಿದ್ಲು ಪಾಪ, ಅದು ತಪ್ತು. ಹೀಟರ್ ಬದಲಾಯಿಸೋದು ಒಳ್ಳೇದೇ, ಆದ್ರೆ ಭಯಕ್ಕೆ ಬಿದ್ದು ಮಾಡ್ಬಾರ್ದು, ಲೆಕ್ಕ ಹಾಕಿ ಮಾಡ್ಬೇಕು.

ಸರ್ಟಿಫಿಕೇಟ್ ಕೆಳಗೆ ಏನೇನು ಸುಧಾರಿಸ್ಬೋದು ಅಂತ ಒಂದು ಪಟ್ಟಿ ಬರುತ್ತೆ, ಅಂದಾಜು ಖರ್ಚು, ವರ್ಷಕ್ಕೆ ಎಷ್ಟು ಉಳಿಯುತ್ತೆ, ಮಾಡಿದ್ರೆ ಯಾವ ರೇಟಿಂಗಿಗೆ ಹೋಗುತ್ತೆ ಅಂತ. ಅದನ್ನ ಹಾಗೇ ನುಂಗ್ಬೇಡಿ. ಹಳೇ ಸರ್ಟಿಫಿಕೇಟ್‌ಗಳಲ್ಲಿ ಗಟ್ಟಿ ನೆಲಕ್ಕೆ ಇನ್ಸುಲೇಷನ್ ಅಂತ 4,000ದಿಂದ 6,000 ಪೌಂಡ್ ಖರ್ಚು ತೋರ್ಸಿರ್ತಾರೆ, ಉಳಿತಾಯ ನೋಡಿದ್ರೆ ವರ್ಷಕ್ಕೆ ಕೆಲವು ಹತ್ತು ಪೌಂಡು, ಇಡೀ ನೆಲ ಅಗೆದು ಅದನ್ನ ಮಾಡೋರು ಯಾರು ಹೇಳಿ. ಇನ್ನೊಂದು, ಆ ದುಡ್ಡಿನ ಲೆಕ್ಕ ಸರ್ಟಿಫಿಕೇಟ್ ಮಾಡಿದ ಕಾಲದ ದರದ್ದು. 2022ರ ಏಪ್ರಿಲಲ್ಲಿ ಎನರ್ಜಿ ನಿಯಂತ್ರಕ ಆಫ್‌ಜೆಮ್ ದರಕ್ಕೆ ಹಾಕೋ ಮಿತಿ, ಪ್ರೈಸ್ ಕ್ಯಾಪ್, ಒಂದೇ ಏಟಿಗೆ ವರ್ಷಕ್ಕೆ 1,971 ಪೌಂಡಿಗೆ ಹಾರಿ, ಅಕ್ಟೋಬರಲ್ಲಿ ಸರ್ಕಾರ ಮಧ್ಯೆ ಬಂದು ಸಾಧಾರಣ ಮನೆಗೆ 2,500 ಅಂತ ಹಿಡಿದಿಟ್ಟಿತ್ತಲ್ಲ, ಅದಕ್ಕಿಂತ ಮುಂಚಿನ ಸರ್ಟಿಫಿಕೇಟಲ್ಲಿ "ವರ್ಷಕ್ಕೆ ಹೀಟಿಂಗ್ ಇಷ್ಟು" ಅಂತ ಇರೋದನ್ನ ನಂಬ್ಕೊಂಡು ಬಾಡಿಗೆಯವರು ಬಜೆಟ್ ಹಾಕಿದ್ರೆ ಏಟು ತಿಂತಾರೆ. ರೇಟಿಂಗ್ ಮತ್ತೆ ಗೋಡೆ, ರೂಫು, ಹೀಟಿಂಗ್ ಸಾಲುಗಳನ್ನ ನೋಡಿ, ದುಡ್ಡಿನ ಅಂಕಿ ಹಳೇದಾದ್ರೆ ಬಿಟ್ಬಿಡಿ.

ದರ ಹಾರಿದ ಆ ಚಳಿಗಾಲಗಳು ಆದ್ಮೇಲೆ ಬಾಡಿಗೆಗೆ ನೋಡೋಕೆ ಬರೋರ ಪ್ರಶ್ನೆಗಳೂ ಬದಲಾಗಿವೆ. ನಮ್ಮ ಮನೆ ನೋಡೋಕೆ ಬಂದ ದಂಪತಿ, ಸಣ್ಣ ಮಗು ಎತ್ಕೊಂಡು ಬಂದಿದ್ರು, ಅಡುಗೆಮನೆ ನೋಡೋಕೆ ಮುಂಚೆ ಇಪಿಸಿ ಕೇಳಿದ್ರು. ಫೋನಲ್ಲಿ ತೆರೆದು ಗೋಡೆ ಸಾಲು ತೋರ್ಸಿ, ಹಿಂದಿನ ಎಕ್ಸ್‌ಟೆನ್ಷನ್ ರೂಮ್ ಮಾತ್ರ ಉಳಿದದ್ದಕ್ಕಿಂತ ತಣ್ಣಗಿರುತ್ತೆ, ಅದರ ಮೂರು ಕಡೆ ಗೋಡೆ ಹೊರಗೆ ತೆರ್ಕೊಂಡಿದೆ, ಮಗುವಿನ ರೂಮ್ ಅಲ್ಲಿ ಮಾಡ್ಬೇಡಿ ಅಂತ ನಾನೇ ಹೇಳಿದೆ. ಅದು ಸರ್ಟಿಫಿಕೇಟಲ್ಲಿ ಎಲ್ಲೂ ಬರಲ್ಲ, ಇಡೀ ಮನೆಗೆ ಒಂದೇ ನಂಬರ್ ಅಲ್ವಾ. ಆದ್ರೆ ಅಲ್ಲಿ ಇರೋರು ಅವರು, ಗೊತ್ತಿರೋದನ್ನ ಮುಚ್ಚಿಡೋದು ನಂಗೆ ಆಗಲ್ಲ.

ಕೊನೇದಾಗಿ, ಸರ್ಟಿಫಿಕೇಟ್ ಕೈಗೆ ಬಂದ ದಿನವೇ ತೆರೆದು ಅಡ್ರೆಸ್ಸು, ಮನೆಯ ಅಳತೆ, ಗೋಡೆ, ರೂಫು, ಬಾಯ್ಲರ್ ಒಂದೊಂದಾಗಿ ನೋಡಿ. "ಅಸ್ಯೂಮ್ಡ್" ಅಂತ ಎಲ್ಲೆಲ್ಲಿ ಇದೆಯೋ ಅಲ್ಲಿ ನಿಮ್ಮ ಹತ್ರ ಕಾಗದ ಇದೆಯಾ ಅಂತ ಹುಡುಕಿ, ಇದ್ರೆ ತಕ್ಷಣ ಬರೀರಿ, ಜಾಹೀರಾತು ಹಾಕಿದ್ಮೇಲೆ ಅಲ್ಲ. ಮಾರ್ಕೆಟ್‌ಗೆ ಹಾಕೋ ಮುಂಚೆಯೇ ಇಪಿಸಿಗೆ ಆರ್ಡರ್ ಆಗಿರ್ಬೇಕು ಅನ್ನೋದು ನಿಯಮ, ಜಾಹೀರಾತಲ್ಲಿ ರೇಟಿಂಗ್ ಅಕ್ಷರ ಇರ್ಬೇಕು, ಬಾಡಿಗೆಯವರಿಗೆ ಕಾಪಿ ಪುಕ್ಕಟೆ ಕೊಡ್ಬೇಕು. ನಮ್ಮ ಏಜೆಂಟ್ ಜಾಹೀರಾತಲ್ಲಿ ಹಳೇ ಡಿ ಅಂತಾನೇ ಹಾಕಿಬಿಟ್ಟಿದ್ದ, ಹಳೇ ಫೈಲಿಂದ ಎತ್ತಿರ್ಬೇಕು. ಫೋನ್ ಮಾಡಿ ಹೊಸ ಲಿಂಕ್ ಕಳಿಸಿದ ಮೇಲೆ ಸಂಜೆಯೊಳಗೆ ಸಿ ಅಂತ ಬದಲಾಯ್ತು, ನಿಮ್ಮದೂ ಒಂದ್ಸಲ ತೆಗೆದು ನೋಡ್ಬಿಡಿ.